ಮೊದಲ ಸಂಪಾದನೆಯೂ ಕೂಟಲೇಖವೂ

ಡಿಜಿಟಲ್ ಮಾರ್ಕೆಟಿಂಗ್ ಕಲಿತು ಹೊರಬಂದ ತರುಣನಿಗೆ ಮೊದಲ ಕೆಲಸ ದೊರೆಯುವ ಬಗೆ ಹೀಗೂ ಇರಬಹುದು. ಬಿ.ಕಾಂ. ಮುಗಿದಿದೆ, ಸಾಲ ಮಾಡಿ ಶುಲ್ಕ ತೆತ್ತ ತರಗತಿಯೂ ಮುಗಿದಿದೆ. ಹೋದಲ್ಲೆಲ್ಲ ‘ಅನುಭವವೆಷ್ಟು?’ ಎಂಬ ಪ್ರಶ್ನೆ. ಅನುಭವ ಬರಬೇಕಾದರೆ ಯಾರಾದರೂ ಕೆಲಸ ಕೊಡಬೇಕು. ಈ ಸುತ್ತಿನಲ್ಲಿ ಆರು ತಿಂಗಳು ಕಳೆದ ಮೇಲೆ ಹೊಸ ವಸತಿಗೃಹವೊಂದರ ಯಜಮಾನರು ಕರೆಯುತ್ತಾರೆ. ಅಲ್ಲಿ ತಂಗಿ ಸಂತೋಷಪಟ್ಟವರಂತೆ, ಬೇರೆ ಬೇರೆ ಹೆಸರುಗಳಲ್ಲಿ, 40 ಅಭಿಪ್ರಾಯಗಳನ್ನು ಗೂಗಲ್‌ನಲ್ಲಿ ಬರೆದು ಹಾಕಬೇಕು; ಒಂದಕ್ಕೆ 50 ರೂಪಾಯಿ. ಆ 2,000 ರೂಪಾಯಿ ಮನೆಗೆ ಬಂದ ಸಂಜೆ ತಾಯಿ ಅದನ್ನು ದೇವರ ಮುಂದಿಟ್ಟು ನೆರೆಮನೆಗಳಿಗೆ ಸಕ್ಕರೆ ಹಂಚುತ್ತಾಳೆ.

ದೋಷ ಯಾರದು?

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ಕೂಟಲೇಖಕ್ರಿಯೆಯನ್ನೂ ಸೇರಿಸಿದ್ದಾರೆ. ಇನ್ನೊಬ್ಬನು ಆಡದ ಮಾತನ್ನು, ಮಾಡದ ಕಾರ್ಯವನ್ನು, ಅವನೇ ಆಡಿದನೆಂದೂ ಮಾಡಿದನೆಂದೂ ಪರರ ಪ್ರೇರಣೆಯಿಂದ ವಂಚನೆಗಾಗಿ ಬರೆದಿಡುವುದೇ ಅದೆಂಬುದು ಪೂಜ್ಯಪಾದರ ವಿವರಣೆಯ ಸಾರ. ಪತ್ರ ಓಲೆಗಳ ಕಾಲದ ಈ ವಿವರಣೆ ಇಂದಿನ ಸುಳ್ಳು ಅಭಿಪ್ರಾಯಗಳಿಗೆ ಎಷ್ಟು ನೇರವಾಗಿ ಒಪ್ಪುತ್ತದೆಂದರೆ, ಅದನ್ನು ಹಿಗ್ಗಿಸುವ ಅಗತ್ಯವೇ ಇಲ್ಲ. ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಅಂತರ್ಜಾಲದ ಗ್ರಾಹಕ ಅಭಿಪ್ರಾಯಗಳಿಗಾಗಿ ಐ.ಎಸ್. 19000 ಎಂಬ ಮಾನಕವನ್ನು ಹೊರತಂದುದು ಈ ಪಿಡುಗಿನಿಂದಲೇ.

‘ಹುಡುಗ ಹೇಳಿದ್ದನ್ನು ಮಾಡಿದ, ಪಾಪ ಮಾಡಿಸಿದವರದು’ ಎನ್ನುವವರುಂಟು. ಆದರೆ ಶಾಸ್ತ್ರವು ಕೃತ, ಕಾರಿತ, ಅನುಮೋದಿತ ಎಂದು ಮೂರನ್ನೂ ಹೇಳುತ್ತದೆ. ಬರೆದವನು ತರುಣ, ಬರೆಸಿದವರು ಯಜಮಾನರು. ಹಣ ಎಲ್ಲಿಂದ ಬಂತೆಂದು ಕೇಳದೆ ಸಕ್ಕರೆ ಹಂಚಿದ ಮನೆ? ಅರಿಯದೆ ಪಟ್ಟ ಸಂತೋಷವನ್ನು ಅನುಮೋದನೆ ಎನ್ನುವುದು ಕಠಿಣವಾದೀತು. ಆದರೆ ಅರಿಯದಿರುವುದೇ ಅನುಕೂಲವೆಂದು ಕೇಳದೆ ಉಳಿದಿದ್ದರೆ, ಆ ರಿಯಾಯಿತಿ ಸಲ್ಲುವುದಿಲ್ಲ.

ತರುಣನನ್ನು ಇಲ್ಲಿಗೆ ತಂದವರ ಮಾತೂ ಉಳಿದಿದೆ. ವಸತಿಗೃಹದ ಕರೆಗೆ ಮುನ್ನ ಅವನು ಪರಿಚಿತ ವರ್ತಕರ ಅಂಗಡಿಗಳ ಮೆಟ್ಟಿಲು ಹತ್ತಿದ್ದಾನೆ. ‘ಮೂರು ತಿಂಗಳು ಸುಮ್ಮನೆ ಮಾಡಿಕೊಡಪ್ಪ, ಅನುಭವ ಬರುತ್ತದಲ್ಲ’ ಎಂಬುದು ಅಲ್ಲಿ ದೊರೆತ ಉತ್ತರ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅನ್ನಪಾನನಿರೋಧವೂ ಒಂದು. ದುಡಿಸಿಕೊಳ್ಳುವ ಪಶುವಿಗೆ ಹೊತ್ತಿಗೆ ಮೇವು ನೀರು ತಡೆಯುವುದೆಂದು ಅದನ್ನು ಬಿಡಿಸಿ ಹೇಳುವುದು ವಾಡಿಕೆ. ಎತ್ತಿನ ಮೇವಿನ ವಿಷಯದಲ್ಲಿ ಇಷ್ಟು ಎಚ್ಚರ ವಹಿಸಿದ ಪರಂಪರೆಯ ವರ್ತಕರು, ಕಲಿತ ಹುಡುಗನ ಮೂರು ತಿಂಗಳ ದುಡಿಮೆಗೆ ಬೆಲೆಯಿಲ್ಲವೆಂದು ಹೇಗೆ ತೀರ್ಮಾನಿಸಿದರೆಂಬುದು ಆಶ್ಚರ್ಯದ ಸಂಗತಿ.

ಪ್ರಾಮಾಣಿಕವಾದ ಮೊದಲ ಕೆಲಸ ಇಲ್ಲವೆಂದೇನೂ ಇಲ್ಲ. ಗೂಗಲ್ ನಕ್ಷೆಯಲ್ಲಿ ಅಂಗಡಿಯ ಹಳೆಯ ದೂರವಾಣಿ ಸಂಖ್ಯೆಯನ್ನು ತಿದ್ದುವುದು, ತೆರೆಯುವ ಮುಚ್ಚುವ ವೇಳೆಯನ್ನು ಸರಿಪಡಿಸುವುದು, ಸರಕಿನ ನಿಜವಾದ ಚಿತ್ರಗಳನ್ನು ಹಾಕುವುದು, ಬಂದುಹೋದ ಗ್ರಾಹಕರನ್ನೇ ಅಭಿಪ್ರಾಯ ಬರೆಯಲು ಕೇಳಿಕೊಳ್ಳುವುದು, ಸಣ್ಣ ಮೊತ್ತದ ಜಾಹೀರಾತೊಂದನ್ನು ನಡೆಸಿ ಅದರ ಲೆಕ್ಕ ಒಪ್ಪಿಸುವುದು, ಇವೆಲ್ಲ ಹೊಸಬನಿಗೆ ಸಾಧ್ಯವಾದ ಕೆಲಸಗಳೇ. ಆದರೆ ಆ ಲೆಕ್ಕದಲ್ಲೂ ಎಚ್ಚರ ಬೇಕು. ಜಾಹೀರಾತು ತೆರೆಯ ಮೇಲೆ ಮೂಡಿದ್ದು ಎಷ್ಟು ಸಲ, ಒತ್ತಿದವರೆಷ್ಟು ಮಂದಿ, ಕರೆ ಮಾಡಿದವರೆಷ್ಟು, ಕೊಂಡವರೆಷ್ಟು, ಇವು ನಾಲ್ಕು ಬೇರೆ ಸಂಖ್ಯೆಗಳು. ಮೊದಲನೆಯದು ಸಾವಿರಗಳಲ್ಲಿರಬಹುದು, ಕೊನೆಯದು ಒಂದೇ ಕೈಯ ಬೆರಳಲ್ಲಿ ಮುಗಿಯಬಹುದು. ಮೊದಲನೆಯದನ್ನು ತೋರಿಸಿ ಕೊನೆಯದೆಂಬ ಭ್ರಮೆ ಹುಟ್ಟಿಸುವುದು ಹೀನಾಧಿಕಮಾನೋನ್ಮಾನದ ಹೊಸ ರೂಪ: ತಕ್ಕಡಿ ಮಾತ್ರ ಬದಲಾಗಿದೆ. ನಿಜ ಸಂಖ್ಯೆ ಬರೆದರೆ ಮುಂದಿನ ತಿಂಗಳ ಕೆಲಸ ಕೈತಪ್ಪಲೂಬಹುದು. ಸಾಲದ ಕಂತು ಕಟ್ಟುವ ಮನೆಗೆ ಅದು ಸಣ್ಣ ಮಾತಲ್ಲ.

ಈ ಭಾರವನ್ನು ಇಪ್ಪತ್ತೆರಡರ ಹುಡುಗನೊಬ್ಬನೇ ಹೊರಬೇಕೆಂಬ ನಿಯಮವಿಲ್ಲ. ದೂರದಿಂದ ಬಂದ ಯಾತ್ರಿಕರು ನಕ್ಷೆಯಲ್ಲಿ ಕಂಡ ವೇಳೆಯನ್ನು ನಂಬಿ ಮುಚ್ಚಿದ ಬಸದಿಯ ಬಾಗಿಲಲ್ಲಿ ನಿಲ್ಲುವಂತಿದ್ದರೆ, ಅದನ್ನು ತಿದ್ದಿಸುವ ಕೆಲಸ ಆಡಳಿತ ಮಂಡಳಿಯ ಬಳಿಯೇ ಇದೆ. ಊರಿನ ಹುಡುಗನಿಂದ ಅದನ್ನು ಸೇವೆಯೆಂದು ಮಾಡಿಸಿಕೊಳ್ಳುವ ಬದಲು, ಹೂವಿಗೂ ದೀಪದ ಎಣ್ಣೆಗೂ ಬರೆಯುವ ಖರ್ಚಿನ ವಹಿಯಲ್ಲೇ ಅವನ ಹೆಸರಿಗೂ ಒಂದು ಸಾಲು ಬರೆಯಬಹುದು.