ಹಳೆಯ ಕಾರಿಗೆ ಹೊಸ ಗೇರು

ನಮ್ಮ ಮನೆಯಲ್ಲಿ 1984ರ ಒಂದು ಅಂಬಾಸಡರ್ ಕಾರಿದೆ. ಕುಂದಾಪುರದ ಕಡೆಯಿಂದ ಪುಣೆಗೆ ಬಂದು ಸಣ್ಣ ಹೋಟೆಲು ನಡೆಸಿದ ಅಪ್ಪಯ್ಯ, ಇಪ್ಪತ್ತು ವರ್ಷ ದುಡಿದ ಮೇಲೆ ಕೊಂಡದ್ದು. ಅವರು ತೀರಿಕೊಂಡ ಮೇಲೆ ಹೋಟೆಲು ಹೋಯಿತು, ಕಾರು ಉಳಿಯಿತು. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತನಾದ ನನಗೆ ಇದನ್ನು ಸಾಕುವುದು ಆನೆ ಸಾಕಿದಂತೆಯೇ. ಆದರೂ ವರ್ಷಕ್ಕೊಮ್ಮೆ ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ದಾಟಿ, ಅರಬೈಲು ಘಟ್ಟ ಇಳಿದು ಊರಿಗೆ ಹೋಗುವುದು ಇದರಲ್ಲಿಯೇ.

ಕಳೆದ ಮಳೆಗಾಲದಲ್ಲಿ ಇದರ ಎರಡನೆಯ ಗೇರು ತಾನಾಗಿಯೇ ನ್ಯೂಟ್ರಲಿಗೆ ಜಾರತೊಡಗಿತು. ಘಟ್ಟದ ಇಳಿಜಾರಿನಲ್ಲಿ ಹೀಗಾದರೆ ಎಂಜಿನ್ನಿನ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಅಪ್ಪಯ್ಯನ ಕಾಲದಿಂದ ಕಾರು ನೋಡಿಕೊಳ್ಳುವ ಮುದುಕ ಮಿಸ್ತ್ರಿ ಗೇರ್‌ಬಾಕ್ಸ್ ಬಿಚ್ಚಿ, ತಲೆಯಾಡಿಸಿ, ಒಂದು ಸಲಹೆ ಕೊಟ್ಟ. "ಸಾಹೇಬ್, ಗುಜರಿಗೆ ಹೋದ ಒಂದು ಅಂಬಾಸಡರಿನ ಇಸುಜು ಗೇರ್‌ಬಾಕ್ಸ್ ನನ್ನ ಹತ್ತಿರ ಇದೆ. ಐದು ಗೇರು. ಕೂಡಿಸಿಬಿಡೋಣ."

ಸಲಹೆ ತಳ್ಳಿಹಾಕುವಂಥದ್ದಲ್ಲ. ನಮ್ಮ ಕಾರಿನದು ಮಾರಿಸ್ ಆಕ್ಸ್‌ಫರ್ಡಿನ ಕಾಲದ ನಾಲ್ಕು ಗೇರಿನ ಪೆಟ್ಟಿಗೆ. ಮೊದಲನೆಯ ಗೇರಿಗೆ ಸಿಂಕ್ರೊಮೆಶ್ ಇಲ್ಲ. ಕಾರು ಪೂರ್ತಿ ನಿಲ್ಲದೆ ಹಾಕಿದರೆ ಹಲ್ಲು ಕಡಿಯುತ್ತದೆ. 1990ರ ದಶಕದ ಆರಂಭದಲ್ಲಿ ಅಂಬಾಸಡರಿಗೆ ಇಸುಜು 1800 ಎಂಜಿನ್ನು ಬಂದಾಗ ಅದರ ಜೊತೆ ಐದು ಗೇರಿನ ಪೆಟ್ಟಿಗೆಯೂ ಬಂತು. 2014ರಲ್ಲಿ ಉತ್ತರಪಾರಾದ ಕಾರ್ಖಾನೆಯಲ್ಲಿ ತಯಾರಿಕೆ ನಿಂತ ಮೇಲೆ ಹಳೆಯದರ ಬಿಡಿಭಾಗ ಹುಡುಕುವುದೇ ಒಂದು ತಪಸ್ಸು.

ಬಿ.ಎಸ್ಸಿ. ಓದಿದವನಾದ್ದರಿಂದ ಲೆಕ್ಕ ಹಾಕದೆ ಇರಲಾರೆ. ಗೇರು ಶಕ್ತಿಯನ್ನು ಹುಟ್ಟಿಸುವುದಿಲ್ಲ. ವೇಗವನ್ನು ಕೊಟ್ಟು ಬಲವನ್ನು, ಬಲವನ್ನು ಕೊಟ್ಟು ವೇಗವನ್ನು ಪಡೆಯುವ ವಿನಿಮಯ ಅದು. ನಾಲ್ಕನೆಯ ಗೇರಿನಲ್ಲಿ ಎಂಜಿನ್ನು ಒಂದು ಸುತ್ತು ತಿರುಗಿದರೆ ಪ್ರೊಪೆಲರ್ ಶಾಫ್ಟೂ ಒಂದು ಸುತ್ತು. ಐದನೆಯದರ ಅನುಪಾತ 0.8 ಎಂದಿಟ್ಟುಕೊಂಡರೆ, 3,000 ಸುತ್ತು ತಿರುಗಬೇಕಾದ ಎಂಜಿನ್ನು ಅದೇ ವೇಗಕ್ಕೆ 2,400 ಸುತ್ತು ತಿರುಗಿದರೆ ಸಾಕು. ಹೆದ್ದಾರಿಯಲ್ಲಿ ಸದ್ದು ಕಡಿಮೆ, ಸವೆತ ಕಡಿಮೆ, ಪೆಟ್ರೋಲೂ ಸ್ವಲ್ಪ ಉಳಿದೀತು. ಆದರೆ 1489 ಸಿಸಿಯ ನಮ್ಮ ಎಂಜಿನ್ನಿಗೆ ಅದು ಹೇಳಿಮಾಡಿಸಿದ್ದಲ್ಲ. ನಡುವೆ ಒಂದು ಅಡಾಪ್ಟರ್ ಪ್ಲೇಟು ಕಡೆಸಬೇಕು, ಕ್ಲಚ್ ಪ್ಲೇಟಿನ ಹಲ್ಲು ಹೊಸ ಶಾಫ್ಟಿಗೆ ಹೊಂದಬೇಕು, ಪ್ರೊಪೆಲರ್ ಶಾಫ್ಟಿನ ಉದ್ದ ಬದಲಾಗಬೇಕು, ಸ್ಟಿಯರಿಂಗಿನ ಪಕ್ಕದ ಗೇರಿನ ಕೋಲು ತೆಗೆದು ನೆಲದಲ್ಲಿ ತೂತು ಕೊರೆಯಬೇಕು.

ನಾನು ಹಿಂದೆಮುಂದೆ ನೋಡುತ್ತಿದ್ದಾಗ ಮಿಸ್ತ್ರಿ ಕೊನೆಯ ಅಸ್ತ್ರ ಬಿಟ್ಟ: "ಆರ್‌ಸಿ ಪುಸ್ತಕದಲ್ಲಿ ಎಂಜಿನ್ ನಂಬರು, ಚಾಸಿ ನಂಬರು ಮಾತ್ರ ಇರೋದು. ಗೇರ್‌ಬಾಕ್ಸ್ ಬದಲಾದದ್ದು ಯಾರಿಗೂ ಗೊತ್ತಾಗೋದಿಲ್ಲ."

ಆ ಮಾತು ನನ್ನ ನಿದ್ದೆ ಕೆಡಿಸಿತು. ಬದಲಿಸಿದ ಮೇಲೆ ಇದು ಅಪ್ಪಯ್ಯನ ಕಾರಾಗಿಯೇ ಉಳಿಯುತ್ತದೆಯೇ? ಪ್ರಶ್ನೆ ಹಳೆಯದು. ಹಲಗೆಗಳನ್ನೆಲ್ಲ ಒಂದೊಂದಾಗಿ ಬದಲಿಸಿದ ಥೀಸಿಯಸನ ಹಡಗು ಅದೇ ಹಡಗೇ ಎಂಬ ಜಿಜ್ಞಾಸೆಯನ್ನು ಗ್ರೀಕರ ಪ್ಲುಟಾರ್ಕ್ ದಾಖಲಿಸಿದ್ದಾನೆ. ನಮ್ಮಲ್ಲಿ ಪಾಲಿ ಭಾಷೆಯ 'ಮಿಲಿಂದಪನ್ಹ'ದಲ್ಲಿ ನಾಗಸೇನ ಭಿಕ್ಷು ಯವನ ರಾಜ ಮಿಲಿಂದನನ್ನು ರಥದ ನೆಪದಲ್ಲಿಯೇ ಕಟ್ಟಿಹಾಕುತ್ತಾನೆ: ಅಚ್ಚು ರಥವಲ್ಲ, ಗಾಲಿ ರಥವಲ್ಲ, ನೊಗ ರಥವಲ್ಲ, ಎಲ್ಲ ಕೂಡಿದಾಗ ವ್ಯವಹಾರಕ್ಕಾಗಿ ನಾವು ಇಟ್ಟುಕೊಂಡ ಹೆಸರು ರಥ. ಹಾಗಾದರೆ ಗೇರ್‌ಬಾಕ್ಸ್ ಒಂದರಿಂದ ಏನು ಕೊರತೆ?

ಉತ್ತರ ಹುಡುಕುತ್ತ ಡ್ಯಾಶ್‌ಬೋರ್ಡಿನ ಗೂಡಿನಲ್ಲಿದ್ದ ಅಪ್ಪಯ್ಯನ ನೋಟುಪುಸ್ತಕ ತೆಗೆದೆ. ಕಾರಿಗೆ ಮಾಡಿಸಿದ ಪ್ರತಿಯೊಂದು ಕೆಲಸವನ್ನೂ ಹೋಟೆಲಿನ ರೋಜು ಲೆಕ್ಕದಂತೆ ತಾರೀಖು ಹಾಕಿ ಬರೆದಿದ್ದರು. ಎಂಜಿನ್ ಬೋರಿಂಗ್, ಹೊಸ ರೇಡಿಯೇಟರು. 1996ರಲ್ಲಿ ಡೈನಮೋ ತೆಗೆಸಿ ಆಲ್ಟರ್ನೇಟರ್ ಹಾಕಿಸಿದ್ದಾರೆ! 'ಅಪ್ಪಯ್ಯ ಇದ್ದಿದ್ದರೆ ಒಪ್ಪುತ್ತಿರಲಿಲ್ಲ' ಎಂದು ನಾನು ಹೇಳಿಕೊಳ್ಳುತ್ತಿದ್ದ ನೆಪ ಅಲ್ಲಿಗೆ ಮುರಿದುಬಿತ್ತು. ಅವರು ಬದಲಾವಣೆಗೆ ಹೆದರಿದವರಲ್ಲ. ಆದರೆ ಮಾಡಿದ್ದನ್ನು ಬರೆದಿಟ್ಟವರು.

ಆಗ ನನ್ನ ಪ್ರಶ್ನೆಯೇ ಬದಲಾಯಿತು. ಕಾರು ಅದೇ ಹೌದೋ ಅಲ್ಲವೋ ಎನ್ನುವುದಲ್ಲ. ಈ ಬದಲಾವಣೆಯನ್ನು ನಾನು ಯಾರ್‍ಯಾರ ಎದುರು ಹೇಳಬಲ್ಲೆ?

ಮೊದಲು ಅಮ್ಮನೆದುರು ಹೇಳಿದೆ. ಎಪ್ಪತ್ತು ದಾಟಿದ ಆಕೆ ಕೇಳಿದ್ದು ಒಂದೇ: "ಗೇರಿನ ಕೋಲು ನೆಲದಿಂದ ಬಂದ್ರೆ, ಅದ್ ನೀ ಕೂಕಂಬ್ ಜಾಗ ಅಲ್ದಾ?" ನಿಜ. ಕೋಲು ಸ್ಟಿಯರಿಂಗಿನ ಪಕ್ಕದಲ್ಲಿದ್ದುದರಿಂದಲೇ ಮುಂದಿನ ಉದ್ದ ಸೀಟಿನಲ್ಲಿ ಅಪ್ಪಯ್ಯನಿಗೂ ಅಮ್ಮನಿಗೂ ನಡುವೆ ನನಗೆ ಜಾಗವಿತ್ತು. ಬಾಲ್ಯದಲ್ಲಿ ಊರಿನ ದಾರಿಯನ್ನೆಲ್ಲ ನಾನು ಕಂಡದ್ದು ಅಲ್ಲಿಂದಲೇ. ಹಾಗೆ ಮಗುವನ್ನು ಮುಂದೆ ಕೂರಿಸುವುದು ಸುರಕ್ಷಿತವಲ್ಲ. ನನ್ನ ಮಗಳು ಹಿಂದೆಯೇ ಕೂರುತ್ತಾಳೆ. ಆ ಜಾಗದಲ್ಲಿ ಈಗಿರುವುದು ಅಮ್ಮನ ಎಲೆಯಡಿಕೆಯ ಚೀಲ. ಆದರೂ ಅಮ್ಮನ ಮಟ್ಟಿಗೆ ಅದು ಖಾಲಿ ಜಾಗವಲ್ಲ.

ಎರಡನೆಯವನು, ನಾಳೆ ಈ ಕಾರು ಕೊಳ್ಳುವವನು. ಅವನಿಗೆ ಹೇಳದಿದ್ದರೆ, ಯಲ್ಲಾಪುರದ ಹತ್ತಿರ ರಾತ್ರಿ ಕಾರು ನಿಂತಾಗ ಅವನು ತರಿಸಿದ ಕ್ಲಚ್ ಪ್ಲೇಟು ಕೂಡುವುದಿಲ್ಲ. ನನ್ನ ಮೌನದ ಬೆಲೆಯನ್ನು ಅವನು ತೆರಬೇಕು.

ಮೂರನೆಯದು ಸರ್ಕಾರ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದು. 2019ರಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಗಿಯಾಗಿಯೇ ಅರ್ಥೈಸಿತು. ಗೇರ್‌ಬಾಕ್ಸಿನ ನಂಬರು ಪತ್ರದಲ್ಲಿಲ್ಲ ಎಂದು ವಾದಿಸಬಹುದು. ಕಡತದಲ್ಲಿಲ್ಲದ್ದು ಇಲ್ಲವೇ ಇಲ್ಲ ಎಂಬ ತರ್ಕ ನನ್ನ ಕಚೇರಿಯಲ್ಲಿ ದಿನವೂ ಕೇಳುವಂಥದ್ದೇ. ಆದರೆ ಐದು ವರ್ಷಕ್ಕೊಮ್ಮೆ ಮರುನೋಂದಣಿಗೆ ಕಾರು ಒಯ್ದು ನಿಂತಾಗ, ಅಧಿಕಾರಿ ಕೇಳದಿರಲಿ ದೇವರೇ ಎಂದು ಬೇಡಿಕೊಳ್ಳುವ ಸ್ಥಿತಿ ನನಗೆ ಬೇಡವೆನಿಸಿತು.

ನಾವು ಹೊರನಾಡಿನವರಿಗೆ ಬದಲಾವಣೆ ಹೊಸದಲ್ಲ. ನನ್ನ ಮಗಳು "ಅಜ್ಜಿ, ಕಾಲು ದುಖ್ತಾ ಇದೆಯಾ?" ಎಂದು ಮರಾಠಿ ಬೆರೆಸಿ ಕೇಳಿದರೆ ಅಮ್ಮ ನಕ್ಕು, ತಿದ್ದಿ, ಉತ್ತರಿಸುತ್ತಾಳೆ. ಅಲ್ಲಿ ಮುಚ್ಚಿಟ್ಟದ್ದೇನೂ ಇಲ್ಲ. ಎಲ್ಲಿಯ ಮಾತು ಎಲ್ಲಿ ಸೇರಿತೆಂದು ಮೂವರಿಗೂ ಗೊತ್ತು. ಬದಲಾಗುವುದು ತಪ್ಪಲ್ಲ, ಬದಲಾದದ್ದರ ಲೆಕ್ಕ ತಪ್ಪಿಸುವುದು ತಪ್ಪು ಎಂದು ನನಗೀಗ ತೋರುತ್ತದೆ.

ಮಿಸ್ತ್ರಿ ಗೊಣಗಿಕೊಂಡೇ ಎರಡು ಹಳೆಯ ಗೇರ್‌ಬಾಕ್ಸುಗಳನ್ನು ಬಿಚ್ಚಿ ಒಳ್ಳೆಯ ಭಾಗಗಳಿಂದ ಒಂದನ್ನು ಕಟ್ಟಿಕೊಟ್ಟ. ಇದೂ ಅಪ್ಪಯ್ಯನ ಕಾಲದ್ದಲ್ಲ ಎಂದು ನಾಗಸೇನ ನಕ್ಕಾನು, ನಗಲಿ. ಐದನೆಯ ಗೇರಿನ ಸುಖ ನಮಗಿಲ್ಲ. ಸಾತಾರಾ ದಾಟುವಷ್ಟರಲ್ಲಿ ಲಾರಿಗಳೂ ನಮ್ಮನ್ನು ಹಿಂದೆ ಹಾಕುತ್ತವೆ, ಎಂಜಿನ್ನಿನ ಸದ್ದಿನಲ್ಲಿ ಅಮ್ಮನ ಮಾತು ಅರ್ಧ ಕೇಳುವುದಿಲ್ಲ. ಅಂದು ರಾತ್ರಿ ಅಪ್ಪಯ್ಯನ ಕೊನೆಯ ಸಾಲಿನ ಕೆಳಗೆ ತಾರೀಖು ಹಾಕಿ ಬರೆದೆ: "ಗೇರ್‌ಬಾಕ್ಸ್ ಬದಲು. ಎರಡು ಹಳೆಯದರಿಂದ ಒಂದು. ನಾಲ್ಕೇ ಗೇರು."