ಅಶ್ವತ್ಥಾಮನಿಗೆ ಸಾವುಂಟೇ?

ನಾಟಕವೊಂದನ್ನು ಪಾಠ ಹೇಳುವ ಮುನ್ನ ಹುಡುಗರಿಗೆ ಏನು ಗೊತ್ತಿದೆಯೆಂದು ಕೇಳಿ ತಿಳಿಯಬೇಕೆಂದು ಉಪಾಧ್ಯಾಯರಿಗೆ ಹೇಳಿಕೊಡುತ್ತಾರೆ. ಒಳ್ಳೆಯ ಮಾತೇ. ಆದರೆ ಹಾಗೆ ಕೇಳುವುದು ಅವರಿಂದ ತಿಳಿಯಲೋ, ಅವರನ್ನು ತೂಗಲೋ?

ಬಿ. ಎಂ. ಶ್ರೀಕಂಠಯ್ಯನವರ ‘ಅಶ್ವತ್ಥಾಮನ್’ 1929ರ ನಾಟಕ. ಅದಕ್ಕೆ ಮೂಲ ಸೊಫೋಕ್ಲಿಸನ ‘ಏಜಾಕ್ಸ್’. ಅಥೆನ್ಸಿನ ಪ್ರೇಕ್ಷಕರು ಏಜಾಕ್ಸನ ಕಥೆಯನ್ನು ಬಲ್ಲವರಾಗಿಯೇ ಬಂದು ಕೂತವರು. ಕನ್ನಡಿಗರಿಗೆ ಆ ಹೆಸರೇ ಹೊಸದು. ಆದುದರಿಂದ ಶ್ರೀಯವರು ಟ್ರಾಯನ್ನು ಬಿಟ್ಟು ಕುರುಕ್ಷೇತ್ರಕ್ಕೆ ಬಂದರು. ನಾವು ತರಗತಿಯಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಅವರು ಮೊದಲೇ ಕೇಳಿಕೊಂಡಿದ್ದರು. ಅವರೂ ಮೇಷ್ಟ್ರೇ ತಾನೆ! ತೊಡಕು ಹುಟ್ಟಿದ್ದೂ ಅಲ್ಲಿಯೇ. ಏಜಾಕ್ಸ್ ತನ್ನ ಕತ್ತಿಗೆ ತಾನೇ ಬಿದ್ದು ಸಾಯುತ್ತಾನೆ; ಅಶ್ವತ್ಥಾಮನಾದರೋ ನಮ್ಮ ಏಳು ಚಿರಂಜೀವಿಗಳಲ್ಲಿ ಒಬ್ಬ. ಶ್ರೀಯವರು ಅವನನ್ನೂ ಸಾಯಿಸಿದರು.

ಜಗಳೂರು ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿದ್ದ ಕಾಲ, ಅಂದರೆ 1997ಕ್ಕೆ ಹಿಂದಿನ ಮಾತು. ಆ ಕಡೆಯ ಒಂದು ತರಗತಿಯಲ್ಲಿ ಹತ್ತು ಪ್ರಶ್ನೆಗಳ ಹಾಳೆ ಹಂಚಿದ್ದೆ: ಕವಿ ಯಾರು, ರುದ್ರನಾಟಕವೆಂದರೇನು, ಇತ್ಯಾದಿ. ಹಿಂದಿನ ಬೆಂಚಿನ ಹುಡುಗನೊಬ್ಬ ಖಾಲಿ ಹಾಳೆ ಕೊಟ್ಟ. ‘ಏನೂ ತಿಳಿಯದು’ ಎಂದು ಗುರುತು ಹಾಕಿಕೊಂಡೆ. ವಾರದ ಮೇಲೆ ನಾಯಕನ ಸಾವನ್ನು ವರ್ಣಿಸುತ್ತಿದ್ದಾಗ ಅವನೇ ಎದ್ದು ನಿಂತ. “ಅವನಿಗೆ ಸಾವೇ ಇಲ್ಲ ಸಾರ್. ನಮ್ಮಜ್ಜ ಬಯಲಾಟದಾಗೆ ವೇಷ ಹಾಕ್ತಾನೆ, ಅವನೇ ಹೇಳ್ಯಾನೆ.” ನಾನು, “ಇದು ಪರೀಕ್ಷೆಗೆ ಬರುವ ಅಶ್ವತ್ಥಾಮ, ಕೂತುಕೋ” ಎಂದೆ. ತರಗತಿ ನಕ್ಕಿತು. ಆ ವರ್ಷ ಅವನು ಮತ್ತೆ ಬಾಯಿ ತೆರೆಯಲಿಲ್ಲ.

ನಾಟಕವನ್ನು ಓದಿದ ಪಂಡಿತರು ಎತ್ತಿದ ಆಕ್ಷೇಪವೂ ಇದೇ. ಅದು ಅವನಲ್ಲಿತ್ತು, ನನ್ನ ಹಾಳೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಮುಂದೆ ಚನ್ನಗಿರಿಯಲ್ಲಿ, ಹೊನ್ನಾಳಿಯಲ್ಲಿ ಹಾಳೆ ಹಂಚುವುದನ್ನು ಬಿಟ್ಟೆ. “ಅಶ್ವತ್ಥಾಮ ಈಗ ಎಲ್ಲಿದ್ದಾನೆ?” ಎಂದಷ್ಟೇ ಕೇಳುತ್ತಿದ್ದೆ. ಕಾಡಿನಲ್ಲಿ, ಹಿಮಾಲಯದಲ್ಲಿ ಎಂದು ಕೈಗಳೇಳುತ್ತಿದ್ದವು. ನ್ಯಾಮತಿಯ ಹುಡುಗಿಯೊಬ್ಬಳು, “ಸಾಯದೆ ಅಲೆಯುವುದೇ ಕೃಷ್ಣ ಕೊಟ್ಟ ಶಾಪವಲ್ಲವೇ ಸಾರ್? ಹಾಗಾದರೆ ಕವಿ ಅವನನ್ನು ಬಿಡಿಸಿದರು” ಎಂದಳು. ಇಷ್ಟು ವರ್ಷ ಪಾಠ ಹೇಳಿದ ನನಗೆ ಅದು ಹೊಳೆದಿರಲಿಲ್ಲ.

ಆದರೂ ಸಮಾಧಾನವಿಲ್ಲ. ಅದೇ ತರಗತಿಯಲ್ಲಿ ಭಾರತದ ಕಥೆ ಹೇಳದ ಮನೆಯಿಂದ ಬಂದ ಹುಡುಗನೊಬ್ಬ ತಲೆ ತಗ್ಗಿಸಿ ಕೂತಿದ್ದ. ನನ್ನ ಹೊಸ ಪ್ರಶ್ನೆಯೂ ಒಬ್ಬನನ್ನು ಹೊರಗೆ ನಿಲ್ಲಿಸಿತ್ತು. ಶಾಲೆ ಬಿಟ್ಟ ಮೇಲೆ ಅವನನ್ನು ಕೂರಿಸಿಕೊಂಡು ದ್ರೋಣನ ಕಥೆಯಿಂದ ಮೊದಲುಮಾಡಿದೆ. ಮೂರು ಸಂಜೆ ಹಿಡಿಯಿತು.