ಹೊಸ್ತಿಲಾಚೆ ನಿಲ್ಲುವ ಅಧಿಕಾರ

ನಡುರಾತ್ರಿಯಲ್ಲಿ ನಿಮ್ಮ ಮನೆಯ ಬಾಗಿಲು ಮುರಿಯುವ ಸದ್ದಾದರೆ, ಒಳನುಗ್ಗುತ್ತಿರುವವನು ಕಳ್ಳನೋ ಪೊಲೀಸನೋ ಎಂದು ಹೇಗೆ ತಿಳಿಯುವಿರಿ?

ಅಮೆರಿಕದ ಲೂಯಿವಿಲ್ ನಗರದಲ್ಲಿ 2020ರ ಮಾರ್ಚ್ 13ರಂದು, ಮಧ್ಯರಾತ್ರಿ ಕಳೆದ ಮೇಲೆ, ಪೊಲೀಸರು ಬ್ರಿಯೋನಾ ಟೇಲರ್ ಎಂಬ 26 ವರ್ಷದ ಯುವತಿಯ ಮನೆಗೆ ಬಂದರು. ಮಾದಕದ್ರವ್ಯದ ತನಿಖೆಗಾಗಿ, ಬಾಗಿಲು ತಟ್ಟದೆಯೇ ಒಳನುಗ್ಗಬಹುದೆಂಬ ವಾರಂಟನ್ನು ಅವರು ಪಡೆದಿದ್ದರು. ಆದರೂ ಬಾಗಿಲು ತಟ್ಟಿ, ಕೂಗಿ ಹೇಳಿದೆವೆಂಬುದು ಅವರ ವಾದ. ಪೊಲೀಸರೆಂಬ ಕೂಗು ತನಗೆ ಕೇಳಿಸಲೇ ಇಲ್ಲವೆಂಬುದು ಒಳಗಿದ್ದ ಆಕೆಯ ಗೆಳೆಯನ ಮಾತು. ಕಳ್ಳರೆಂದು ಭಾವಿಸಿ ಆತ ಒಂದು ಗುಂಡು ಹಾರಿಸಿದ. ಒಬ್ಬ ಅಧಿಕಾರಿ ಗಾಯಗೊಂಡ. ಪೊಲೀಸರು 32 ಗುಂಡು ಹಾರಿಸಿದರು. ಆಸ್ಪತ್ರೆಯಲ್ಲಿ ರೋಗಿಗಳ ಸೇವೆ ಮಾಡುತ್ತಿದ್ದ ಆಕೆ ತನ್ನ ಮನೆಯಲ್ಲೇ ಪ್ರಾಣಬಿಟ್ಟಳು. ಮನೆಯಲ್ಲಿ ಮಾದಕದ್ರವ್ಯ ಸಿಗಲಿಲ್ಲ.

ರಾತ್ರಿ ಕನ್ನ ಹಾಕುವ ಕಳ್ಳನನ್ನು ಹೊಡೆದು ಕೊಂದವನಿಗೆ ರಕ್ತಾಪರಾಧವಿಲ್ಲ, ಸೂರ್ಯೋದಯವಾದ ಮೇಲಾದರೆ ಉಂಟು ಎನ್ನುತ್ತದೆ ವಿಮೋಚನಕಾಂಡ. ಏಕೆ ಈ ಭೇದ? ಕತ್ತಲೆಯಲ್ಲಿ ಬಂದವನ ಮುಖವೂ ಕಾಣದು, ಉದ್ದೇಶವೂ ತಿಳಿಯದು. ಹೇಳದೆ ನುಗ್ಗುವ ಅಧಿಕಾರಿ ತನ್ನನ್ನು ತಾನೇ ಆ ಕಳ್ಳನ ಸ್ಥಾನದಲ್ಲಿ ನಿಲ್ಲಿಸಿಕೊಳ್ಳುತ್ತಾನೆ. ಮನೆಯವನಿಗೆ ವಿಧೇಯನಾಗುವ ಅವಕಾಶವನ್ನೇ ಕೊಡುವುದಿಲ್ಲ.

ತಟ್ಟಿದರೆ ಸಾಕ್ಷ್ಯ ನಾಶವಾಗುತ್ತದೆ, ಆರೋಪಿ ಆಯುಧ ಹಿಡಿಯುತ್ತಾನೆ ಎನ್ನುವವರಿದ್ದಾರೆ. ಪೊಲೀಸನೂ ಒಂದು ಕುಟುಂಬದ ಆಸರೆ. ಈ ಮಾತನ್ನು ತಳ್ಳಿಹಾಕಲಾಗದು. ಒಳಗೆ ಒತ್ತೆಯಾಳಿದ್ದರೆ ಬಾಗಿಲು ಮುರಿಯಲಿ, ಅಲ್ಲಿ ಉಳಿಯಬೇಕಾದದ್ದು ಪ್ರಾಣ. ಆದರೆ ಶೌಚಾಲಯದಲ್ಲಿ ಹರಿದುಹೋಗಬಹುದಾದ ಒಂದು ಪೊಟ್ಟಣಕ್ಕಾಗಿ ಮನೆಮಂದಿಯ ಜೀವವನ್ನೂ ಪೊಲೀಸರ ಜೀವವನ್ನೂ ಪಣಕ್ಕಿಡುವುದು ನ್ಯಾಯವೆಂದು ನನಗೆ ತೋರುವುದಿಲ್ಲ.

ಒತ್ತೆಯನ್ನು ಪಡೆಯಲು ಬಂದ ಸಾಲಗಾರನ ಧಣಿ ಮನೆಯೊಳಕ್ಕೆ ಹೋಗಕೂಡದು, ಹೊರಗೇ ನಿಲ್ಲಬೇಕು ಎಂದು ಧರ್ಮೋಪದೇಶಕಾಂಡ ವಿಧಿಸುತ್ತದೆ. ಗಮನಿಸಿ: ಅಲ್ಲಿ ಸಾಲವಿರುವುದು ನಿಜ. ಹಾಗಿದ್ದೂ ಹೊಸ್ತಿಲು ಬಡವನದೇ. ಇಲ್ಲಿಯಾದರೋ ಆರೋಪವಿನ್ನೂ ಸಾಬೀತಾಗಿಲ್ಲ. ಸಕಲಾಧಿಕಾರವುಳ್ಳ ಪ್ರಭುವೇ ಬಾಗಿಲಲ್ಲಿ ನಿಂತು ತಟ್ಟುತ್ತಾನೆಂದು ನಾವು ನಂಬುವವರು.

ಬಂದ ಕಾರಣವನ್ನು ತಿಳಿಸಿ ಬಾಗಿಲು ತೆರೆಯಲು ಕೇಳಬೇಕೆಂದು ಇಂಗ್ಲೆಂಡಿನ ನ್ಯಾಯಾಲಯ 1604ರಲ್ಲೇ ಹೇಳಿತ್ತು. ಆ ನಿಯಮ ಬ್ರಿಟಿಷರೊಡನೆ ನಮ್ಮಲ್ಲಿಗೂ ಬಂದು, 2024ರಲ್ಲಿ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಉಳಿದಿದೆ. ಬಂಗಲೆಯ ಬಾಗಿಲನ್ನು ತಟ್ಟುವ ಕೈ ಗುಡಿಸಲ ಬಾಗಿಲನ್ನೂ ಅಷ್ಟೇ ಮೆಲ್ಲನೆ ತಟ್ಟುತ್ತದೆಯೇ ಎಂಬುದನ್ನು ಗುಡಿಸಲಿನವರನ್ನೇ ಕೇಳಬೇಕು.

2020ರ ಜೂನ್‌ನಲ್ಲಿ ಲೂಯಿವಿಲ್ ನಗರಸಭೆ ಇಂತಹ ವಾರಂಟುಗಳನ್ನು ಒಮ್ಮತದಿಂದ ನಿಷೇಧಿಸಿ, ಆ ಕಾನೂನಿಗೆ ಬ್ರಿಯೋನಾಳ ಹೆಸರನ್ನಿಟ್ಟಿತು. ನಗರವಿರುವ ಕೆಂಟಕಿ ರಾಜ್ಯ 2021ರಲ್ಲಿ ಅವುಗಳಿಗೆ ಮಿತಿ ಹಾಕಿತು. ಪೂರ್ಣ ನಿಷೇಧಕ್ಕೆ ಒಪ್ಪಲಿಲ್ಲ.